ಬ್ಯಾಂಕಮ್ಮನ ಬೆರಳು

ಬೆರಳ ತುದಿಯಲ್ಲಿ ಗೆರೆ ಉಳಿಯುವುದು ಕೈ ಒಣಗಿರುವವರಿಗೆ. ಆಸ್ಪತ್ರೆಯ ಬಟ್ಟೆ ಒಗೆಯುವ ಶೆಡ್ಡಿನಲ್ಲಿ ಯಾರ ಕೈಯೂ ಒಣಗುವುದಿಲ್ಲ.

ಅಲ್ಲಿಗೆ ಬರುವುದು ನಿಮ್ಮ ನಮ್ಮ ಮನೆಯ ಬಟ್ಟೆಯಲ್ಲ. ಹೆರಿಗೆಯ ರಕ್ತ, ಹುಣ್ಣಿನ ಕೀವು, ಸತ್ತವರ ಕೊನೆಯ ಉಚ್ಚೆ. ಮೂಟೆ ಬಿಚ್ಚಿದರೆ ಸೂಜಿ ಬರುತ್ತದೆ, ಕತ್ತರಿಸಿದ ಪಟ್ಟಿ ಬರುತ್ತದೆ, ಒಮ್ಮೊಮ್ಮೆ ಬಾಯಲ್ಲಿ ಹೇಳಬಾರದ್ದೂ ಬರುತ್ತದೆ. ಅದನ್ನೆಲ್ಲ ಹೆಂಗಸರು ಕೈಯಿಂದಲೇ ಬೇರೆ ಮಾಡಬೇಕು. ಕಾಸ್ಟಿಕ್ ಸೋಡಾ ನೀರಿನ ತೊಟ್ಟಿಯಲ್ಲಿ ನೆನೆಹಾಕಬೇಕು, ಬ್ಲೀಚಿನಲ್ಲಿ ಅದ್ದಬೇಕು, ನೀರು ಕುಡಿದು ಹೆಣದಷ್ಟು ಭಾರವಾದ ಚಾದರಗಳನ್ನು ಇಬ್ಬಿಬ್ಬರು ಎತ್ತಿ ಮಷೀನಿಗೆ ತುಂಬಬೇಕು. ಕೈಗವಸು ಕೊಡುತ್ತಾರೆ. ಅದು ಹರಿದ ಮೇಲೆ ಇನ್ನೊಂದು ಕೇಳಿದರೆ, "ತಿಂತೀರೇನ್ರೇ ಅದನ್ನ?" ಎಂದು ಕಂಟ್ರಾಕ್ಟರು ಕೇಳುತ್ತಾನೆ. ಕಾಸ್ಟಿಕ್ಕು ತಿನ್ನುತ್ತದೆ. ಮೊದಲು ಗವಸು, ಆಮೇಲೆ ಉಗುರು, ಆಮೇಲೆ ಚರ್ಮ.

ಹೀಗಿರುವಾಗ ಒಂದು ದಿನ ಆಸ್ಪತ್ರೆಯವರು ಕಂಟ್ರಾಕ್ಟರಿಗೆ ಹೇಳಿದರು: ಇನ್ನು ಮೇಲೆ ಕೂಲಿಯನ್ನು ಕೈಗೆ ಕೊಡುವಂತಿಲ್ಲ, ಬ್ಯಾಂಕಿಗೇ ಹಾಕಬೇಕು. ಅವನು ಎಲ್ಲರನ್ನೂ ಕುರಿಗಳ ಹಾಗೆ ಬ್ಯಾಂಕಿಗೆ ಹೊಡೆದುಕೊಂಡು ಹೋದ. ಅಲ್ಲೊಂದು ಬೆರಳಿಡುವ ಯಂತ್ರ. ಒಬ್ಬೊಬ್ಬರೇ ಬೆರಳಿಟ್ಟರು. ಕೆಂಪು ದೀಪ. ಒರೆಸಿಕೊಂಡು ಇಟ್ಟರು. ಕೆಂಪು ದೀಪ. ತೊಟ್ಟಿಯಲ್ಲಿ ವರ್ಷಗಟ್ಟಲೆ ಕೈ ನೆನೆದವರ ಬೆರಳಲ್ಲಿ ಯಂತ್ರಕ್ಕೆ ಹಿಡಿಯಲು ಏನೂ ಉಳಿದಿರಲಿಲ್ಲ. ಕೊನೆಗೆ ಬಂದವಳು ಆಗಷ್ಟೇ ಕೆಲಸಕ್ಕೆ ಸೇರಿ, ಒಣಗಿದ ಬಟ್ಟೆ ಮಡಚುತ್ತಿದ್ದವಳು. ಅವಳು ಬೆರಳಿಟ್ಟ ಕೂಡಲೇ ಹಸಿರು ದೀಪ ಹತ್ತಿತು. ಎಲ್ಲರೂ ಚಪ್ಪಾಳೆ ಹೊಡೆದರು.

"ಸರಿ ಬಿಡಿ, ಎಲ್ಲರ ಕೂಲೀನೂ ಇವಳಿಗೇ ಹಾಕ್ತೀನಿ, ಹಂಚ್ಕೊಳ್ಳಿ. ಉಳಿದವರದ್ದು ಆಮೇಲೆ ನೋಡೋಣ," ಎಂದ ಕಂಟ್ರಾಕ್ಟರು. ಆ ಆಮೇಲೆ ಇವತ್ತಿಗೂ ಬಂದಿಲ್ಲ.

ಅವತ್ತಿನಿಂದ ಅವಳ ಹೆಸರು ಬ್ಯಾಂಕಮ್ಮ. ಮಡಚುವ ಮೇಜಿನಿಂದ ಅವಳನ್ನು ಬೇಗನೆ ತೊಟ್ಟಿಗೆ ಹಾಕಿದರು, ಆದರೆ ಹೆಸರು ಉಳಿಯಿತು. ಸಂಬಳದ ದಿನ ಬ್ಯಾಂಕಿನಲ್ಲಿ ಪಾಸ್‌ಬುಕ್ಕು ತೋರಿಸಿ ಹಣ ಪೂರ್ತಿ ತೆಗೆದು, ಎದೆಗವಚಿಕೊಂಡು ಶೆಡ್ಡಿಗೆ ಬಂದು, ಮಗುಚಿ ಹಾಕಿದ ಬಕೆಟ್ಟಿನ ಮೇಲೆ ಕೂತು ಹಂಚುತ್ತಿದ್ದಳು. ಒಬ್ಬರ ಒಂದು ಬಿಡಿಕಾಸೂ ಅವಳ ಬೆರಳಿಗೆ ಅಂಟಲಿಲ್ಲ. ಅದು ಅವಳ ಹೆಮ್ಮೆ. ಬಡವರಿಗೆ ಹೆಮ್ಮೆಪಡಲು ಸಿಗುವುದು ಇಂಥದ್ದೇ, ಮತ್ತು ಸಿಕ್ಕಿಹಾಕಿಕೊಳ್ಳುವುದೂ ಇಂಥದ್ದರಲ್ಲೇ.

ವರಮಾನ ತೆರಿಗೆ ಕಚೇರಿಯ ಕಾಗದ ಮನೆಗೆ ಬಂದಾಗ ಅವಳ ಗಂಡ ಅದನ್ನು ಮೊದಲು ಮನಸ್ಸಿನಲ್ಲಿ ಓದಿಕೊಂಡ. ಅವನು ಬಸ್ಸು ತೊಳೆಯುವವನು, ನಾಲ್ಕಕ್ಷರ ಬಲ್ಲವನು. ಓದಿ ಮುಗಿಸಿ ಹಾಸಿಗೆಯ ಅಂಚಿನಲ್ಲಿ ಕುಸಿದು ಕೂತ.

"ನೀನು ತೆರಿಗೆ ಕಡಿಮೆ ಕಟ್ಟಿದ್ದೀಯಂತೆ ಕಣೇ."

"ನಾನು ಯಾವತ್ತು ಕಟ್ಟಿದೆ?"

"ಅದನ್ನೇ ಹೇಳ್ತಿದ್ದಾರೆ. ಕಟ್ಟಲೇ ಇಲ್ಲ ಅಂತ. ಅಷ್ಟಕ್ಕೂ ಬಡ್ಡಿ, ಬಡ್ಡಿ ಮೇಲೆ ದಂಡ."

ಮೊತ್ತ ಕೇಳಿ ಅವಳಿಗೆ ಮೊದಲು ನಗು ಬಂತು. ಅಷ್ಟು ದುಡ್ಡಿದ್ದರೆ ಈ ಎರಡು ಕೋಣೆಯನ್ನೇ ಕೊಂಡುಕೊಳ್ಳಬಹುದಿತ್ತು, ಮೇಲಿನ ಮಹಡಿಯನ್ನೂ. ನಗು ಮುಗಿಯುವಷ್ಟರಲ್ಲಿ ಗಂಡನ ಕೈಯಿಂದ ಕಾಗದ ಕಿತ್ತುಕೊಂಡಿದ್ದಳು. ಒಳಕೋಣೆಯಿಂದ ಅವಳ ಓರಗಿತ್ತಿ ಹೊರಗೆ ಬಂದಳು. ಮೈದುನನ ಹೆಂಡತಿ, ಅದೇ ಶೆಡ್ಡಿನಲ್ಲಿ ಇಸ್ತ್ರಿ ಮಾಡುವ ಸ್ಟೀಮ್ ಪ್ರೆಸ್ಸಿನ ಮುಂದೆ ನಿಲ್ಲುತ್ತಿದ್ದವಳು. ಪ್ರೆಸ್ಸಿನ ಮುಚ್ಚಳದ ಚಿಲಕ ಮುರಿದಿದೆ ಎಂದು ಎಷ್ಟೋ ಸಲ ಹೇಳಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ದಿನ ಮುಚ್ಚಳ ಅವಳ ತೋಳಿನ ಮೇಲೆ ಬಿತ್ತು. ಬೆಂದ ಬಲಗೈ ಈಗ ಮೊಣಕೈಯಿಂದ ಕೆಳಗೆ ಮಡಚುವುದಿಲ್ಲ. ಮೈದುನ ಲಾರಿ ಹಿಡಿದು ಹೋದವನು ತಿಂಗಳಿಗೊಮ್ಮೆ ಬರುತ್ತಾನೆ. ಅವಳ ಜಡೆ ಹಾಕುವುದು, ತುತ್ತು ಕಲಸಿಕೊಡುವುದು ಎಲ್ಲ ಬ್ಯಾಂಕಮ್ಮನೇ.

"ಏನಾಯ್ತಕ್ಕ?"

"ಏನಿಲ್ಲ ಮಲಗು. ಸರ್ಕಾರ ನನ್ನನ್ನ ಶ್ರೀಮಂತಳು ಅಂತ ತಿಳ್ಕೊಂಡಿದೆ."

ತೆರಿಗೆ ಕಚೇರಿಯ ಕಾವಲುಗಾರ ಅವಳನ್ನು ನೋಡಿದ ಕೂಡಲೇ, "ಗುಡಿಸೋರು ಹಿಂದಿನ ಬಾಗಿಲಿಂದ," ಎಂದ. ಅವಳು ಕಾಗದ ತೋರಿಸಿದಳು. ಅವನು ಕಾಗದ ನೋಡಿ, ಅವಳನ್ನು ನೋಡಿ, ಮತ್ತೆ ಕಾಗದ ನೋಡಿ, ದಾರಿ ಬಿಟ್ಟ.

ಮೈಯಿಂದ ಬ್ಲೀಚಿನ ವಾಸನೆ ಎಷ್ಟು ತೊಳೆದರೂ ಹೋಗುವುದಿಲ್ಲ. ಬೆಂಚಿನ ಮೇಲೆ ಅವಳ ಪಕ್ಕ ಕೂತಿದ್ದ ಹೆಂಗಸು ಮೂಗಿಗೆ ಕರವಸ್ತ್ರ ಹಿಡಿದು ಎದ್ದುಹೋದಳು. ಸರದಿ ಬಂದಾಗ ಗುಮಾಸ್ತ ಅವಳಿಗೆ ಕೂರಲು ಹೇಳಲಿಲ್ಲ. ನಿಂತು ನಿಂತು ಸೊಂಟ ನೋಯುತ್ತಿತ್ತು. ಅವಳು ಮೇಜಿನ ಮೇಲೆ ಕೈಯೂರಿದಳು.

ಗುಮಾಸ್ತ ಕಂಪ್ಯೂಟರ್ ನೋಡುತ್ತಾ ಕೇಳಿದ: "ಈ ದುಡ್ಡೆಲ್ಲ ನಿಮ್ಮ ಅಕೌಂಟಿಗೆ ಬಂತಾ?"

"ಬಂತು ಸಾರ್."

"ಪೂರ್ತಿ ಬಂತಾ?"

ಅವಳ ಮುಖ ಅರಳಿತು. ಇಷ್ಟು ವರ್ಷಕ್ಕೆ ಯಾರೋ ಕೇಳುತ್ತಿದ್ದಾರೆ, ಸರ್ಕಾರವೇ ಕೇಳುತ್ತಿದೆ, ಕೂಲಿ ಸರಿಯಾಗಿ ಬಂತೇ ಎಂದು. ಸಂಬಳ ತಿಂದುಹಾಕುವ ಕಂಟ್ರಾಕ್ಟರುಗಳನ್ನು ಅವಳು ನೋಡಿದ್ದಳು. ಇವನು ಆ ಮಟ್ಟಿಗೆ ಕೊಡುತ್ತಿದ್ದ. ಸುಳ್ಳೇಕೆ ಹೇಳಬೇಕು?

"ಪೂರ್ತಿ ಬಂತು ಸಾರ್. ಒಂದ್ಸಲಾನೂ ಕಡಿಮೆ ಬಂದಿಲ್ಲ. ಎಲ್ಲಾ ನನ್ನ ಕೈಗೇ ಬಂತು."

ಗುಮಾಸ್ತ ಟಕಟಕ ಬಡಿದ. ಬಡಿದದ್ದನ್ನು ಓದಿ ಹೇಳಿದ: "ವರಮಾನ ಪೂರ್ತಿ ತಮಗೇ ಬಂದಿರುವುದನ್ನು ಒಪ್ಪಿರುತ್ತಾರೆ."

"ಅಯ್ಯೋ, ನನಗಲ್ಲ ಸಾರ್! ನನ್ನ ಕೈಗೆ. ನಾನು ಅವತ್ತೇ ಎಲ್ಲರಿಗೂ ಹಂಚ್ತೀನಿ."

"ಬಂತು ಅಂದ್ರಿ, ಬರೆದಾಯ್ತು. ನಿಮಗೆ ಒಗೆತದ ಉಪಗುತ್ತಿಗೆ ಕೊಟ್ಟಿದ್ದೀನಿ ಅಂತ ನಿಮ್ಮ ಕಂಟ್ರಾಕ್ಟರ್ ಲೆಕ್ಕ ತೋರ್ಸಿದ್ದಾರೆ. ಅಂದ್ಮೇಲೆ ದುಡ್ಡು ನಿಮ್ದು, ತೆರಿಗೆ ನಿಮ್ದು. ಉಪ್ಪು ತಿಂದೋರು ನೀರು ಕುಡೀಲೇಬೇಕಲ್ಲ? ಹಂಚಿದ್ರೆ, ತಗೊಂಡೋರನ್ನ ಕರ್ಕೊಂಡು ಬನ್ನಿ. ಅವರು ಬಂದು ಹೇಳ್ಲಿ. ಇಲ್ಲಾಂದ್ರೆ ವಿಚಾರಣೆ ದಿನ ಬಂದು ಈ ಹೇಳಿಕೆಗೆ ಬೆರಳೊತ್ತಿ ಹೋಗಿ."

ಅವಳು ಕೈ ತೆಗೆದಳು. ಗುಮಾಸ್ತ ಡ್ರಾಯರಿನಿಂದ ಒಂದು ಬಾಟಲಿ ತೆಗೆದು, ಅವಳ ಕೈಯಿದ್ದ ಜಾಗಕ್ಕೆ ಪುಸ್ಸೆಂದು ಹೊಡೆದು, ಬಟ್ಟೆಯಿಂದ ಒರೆಸಿದ. ಅವಳಿನ್ನೂ ಎದುರಿಗೇ ನಿಂತಿದ್ದಳು. ಆ ಬಟ್ಟೆಯನ್ನೂ ತನ್ನಂಥವಳೇ ಒಗೆಯುತ್ತಾಳೆ ಎಂದು ಅವಳಿಗೆ ಅನ್ನಿಸಿತು. ಅವತ್ತು ಇನ್ನೂ ಅದನ್ನು ಹೇಳುವ ಧೈರ್ಯ ಇರಲಿಲ್ಲ.

ಸಂಗತಿ ಕಂಟ್ರಾಕ್ಟರನ ಕಿವಿಗೆ ಹೇಗೆ ಬಿತ್ತೋ, ಮರುದಿನವೇ ಕರೆಸಿದ. ಅವನ ಕೋಣೆಯ ಬಾಗಿಲಲ್ಲಿ ಅವಳು ಎಂದಿನಂತೆ ನಿಂತಳು.

"ಅಲ್ಯಾಕೆ ನಿಂತೆ? ಒಳಗೆ ಬಾ. ಕೂತ್ಕೋ."

ಇಷ್ಟು ವರ್ಷದಲ್ಲಿ ಅವನು ಕೂತ್ಕೋ ಎಂದದ್ದು ಅದೇ ಮೊದಲು. ಕುರ್ಚಿ ಮೆತ್ತಗಿತ್ತು. ಕೂತ ಮೇಲೆ ಅವಳಿಗೆ ಹೆದರಿಕೆ ಹೆಚ್ಚಾಯಿತು. ಚಹಾ ತರಿಸಿದ. ಅದನ್ನು ಕಂಡು ಇನ್ನೂ ಹೆಚ್ಚಾಯಿತು.

"ತೆರಿಗೆ ಬಿಲ್ಲಿಗೆ ಹೆದರ್ಬೇಡ. ನಾನಿದ್ದೀನಿ. ಪೂರ್ತಿ ನಾನೇ ಕಟ್ತೀನಿ. ನೀನು ಒಂದು ಬೆರಳು ಒತ್ತಿದ್ರೆ ಸಾಕು."

"ಯಾವುದಕ್ಕೆ ಸಾರ್?"

"ತೊಟ್ಟಿ, ಮಷೀನು, ಪ್ರೆಸ್ಸು, ಅಲ್ಲಿನ ಆಳುಗಳು, ಎಲ್ಲಾ ನಿನ್ನ ಉಸ್ತುವಾರಿ ಅಂತ. ಇನ್ಮೇಲೆ ನೀನೇ ಯಜಮಾನಿ ಅಂದ್ಕೋ." ಅವನು ನಕ್ಕ. "ಬ್ಯಾಂಕಮ್ಮ ಹೋಗಿ ಯಜಮಾನಮ್ಮ ಆದೆ."

ಅವಳು ಚಹಾದ ಲೋಟ ಕೆಳಗಿಟ್ಟಳು. "ನನ್ನ ಓರಗಿತ್ತಿ ಕೈಗೆ ಪರಿಹಾರ ಕೊಡಿಸ್ತೀನಿ ಅಂದಿದ್ರಿ ಸಾರ್."

"ಆಸ್ಪತ್ರೆಯವರು ಅದನ್ನೇ ಕೇಳ್ತಿದ್ದಾರೆ, ಕೈ ಸುಟ್ಟಿದ್ದಕ್ಕೆ ಯಾರು ಹೊಣೆ ಅಂತ." ಅವನು ಉಗುರು ನೋಡಿಕೊಂಡ. ಅವನ ಉಗುರು ಚೆನ್ನಾಗಿದ್ದವು. "ಪರಿಹಾರ ಕೊಡ್ಬೇಕಾದ್ದು ಯಜಮಾನರು. ಅವಳು ನಿನ್ನ ಓರಗಿತ್ತಿ ತಾನೆ? ಮನೆಯೊಳಗಿನ ಮಾತು. ನೀನು ಕೇಳ್ಬೇಡ ಅಂದ್ರೆ ಅವಳು ಕೇಳ್ತಾಳಾ?"

ಅವಳು ಅವನ ಉಗುರುಗಳನ್ನೇ ನೋಡಿದಳು. ಆ ಕೈ ಸುಟ್ಟದ್ದು ಇವನ ಚಿಲಕ. ತೆರಿಗೆ ಬಂದದ್ದು ಇವನ ಲೆಕ್ಕದಿಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಎಮ್ಮೆ ತಾನೇ ಬಂದು ಬೆನ್ನು ಕೊಡಬೇಕಂತೆ, ಮೆತ್ತನೆ ಕುರ್ಚಿಯ ಮೇಲೆ ಕೂತು.

"ಯೋಚನೆ ಮಾಡ್ತೀನಿ ಸಾರ್," ಎಂದಳು.

"ಮಾಡು ಮಾಡು. ಬೆರಳು ಒತ್ತದಿದ್ರೆ ಬಿಲ್ಲು ನಿನ್ನ ತಲೆ ಮೇಲೆ. ಸಾಕ್ಷಿ ಹೇಳೋಕೆ ಯಾರಾದ್ರೂ ಶೆಡ್ಡು ಬಿಟ್ಟು ಹೊರಟ್ರೆ ಅವರು ಮತ್ತೆ ಒಳಗೆ ಬರೋದು ಬೇಡ. ಅದನ್ನೂ ಸೇರಿಸ್ಕೊಂಡು ಯೋಚನೆ ಮಾಡು."

ಗಂಡನ ಮಾತು ಅವಳಿಗೆ ಕೇಳುವ ಮೊದಲೇ ಗೊತ್ತಿತ್ತು. "ಒತ್ತಿಬಿಡೇ. ದೊಡ್ಡವರ ಸಹವಾಸ ನಮಗ್ಯಾಕೆ? ಅವರು ಅಕೌಂಟು ಮುಚ್ಚಿದ್ರೆ, ಮನೆ ಸಾಮಾನು ಎತ್ಕೊಂಡು ಹೋದ್ರೆ, ಏನು ಮಾಡ್ತೀಯ? ಮಾನ ಹೋಗುತ್ತೆ."

"ಅವಳ ಕೈ ಹೋಗಿದೆಯಲ್ರೀ. ನಿಮ್ಮ ತಮ್ಮನ ಹೆಂಡ್ತಿ ಕೈ."

ಗಂಡ ಗೋಡೆ ನೋಡಿದ. ಅವನು ಕೆಟ್ಟವನಲ್ಲ. ಹೆದರಿದವನು. ಹೆದರಿದವರು ಮಾಡುವ ಕೆಡುಕಿಗೆ ಕೆಟ್ಟವರ ಹೆಸರು ಬೀಳುತ್ತದೆ, ಅಷ್ಟೆ.

ಓರಗಿತ್ತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬ್ಯಾಂಕಮ್ಮ ಅವಳ ಕೂದಲು ಬಾಚಲು ಕೂತಾಗ ಬೆನ್ನು ತೋರಿಸಿಕೊಂಡೇ ಹೇಳಿದಳು: "ಒತ್ತಕ್ಕ. ನನ್ನ ಕೈ ಹೋಗಿದ್ದು ಹೋಯ್ತು. ದುಡ್ಡು ಕೊಟ್ರೆ ಮಡಚೋಕೆ ಬರುತ್ತಾ? ಬಿಲ್ಲಾದ್ರೂ ತಪ್ಪುತ್ತಲ್ಲ."

ಬ್ಯಾಂಕಮ್ಮನಿಗೆ ಸಿಟ್ಟು ನೆತ್ತಿಗೇರಿತು. ಬಾಚಣಿಗೆಯನ್ನು ನೆಲಕ್ಕೆ ಬಿಸಾಡಿದಳು. ಅವಳ ಸಿಟ್ಟು ಓರಗಿತ್ತಿಯ ಮೇಲಲ್ಲ. ಬೆಂದ ಕೈಯವಳ ಬಾಯಿಂದಲೇ ಈ ಮಾತು ಬರುವ ಹಾಗೆ ಮಾಡಿದವರ ಮೇಲೆ. ಸ್ವಲ್ಪ ಹೊತ್ತಾದ ಮೇಲೆ ಬಾಚಣಿಗೆ ಹುಡುಕಿ ತಂದು ಜಡೆ ಮುಗಿಸಿದಳು.

ವಿಚಾರಣೆಯ ಹಿಂದಿನ ದಿನ ಊಟದ ಹೊತ್ತಿನಲ್ಲಿ, ಮಷೀನುಗಳು ನಿಂತಿದ್ದಾಗ, ಅವಳು ಶೆಡ್ಡಿನಲ್ಲಿ ಎಲ್ಲರಿಗೂ ಹೇಳಿದಳು. ಬಿಲ್ಲು, ಉಪಗುತ್ತಿಗೆ, ಕುರ್ಚಿ, ಚಹಾ, ಒಂದನ್ನೂ ಬಿಡಲಿಲ್ಲ.

"ನಾಳೆ ಬೆಳಿಗ್ಗೆ ನೀವು ಬಂದು, ಕೂಲಿ ನಮಗೂ ಬಂತು ಅಂತ ಹೇಳ್ಬೇಕು. ಅಷ್ಟೇ."

ನಲ್ಲಿಯಿಂದ ತೊಟ್ಟಿಗೆ ನೀರು ತೊಟ್ಟಿಕ್ಕುತ್ತಿತ್ತು. ಶೆಡ್ಡಿನ ಹಿರಿಯಳು, ಬ್ಲೀಚು ಕಲಸುವ ಮುದುಕಿ, ಎಲ್ಲರೂ ಬ್ಲೀಚಜ್ಜಿ ಎನ್ನುವವಳು, ಕೆಳಗೆ ನೋಡುತ್ತಾ ಬಾಯಾಡಿಸುತ್ತಿದ್ದಳು.

"ನನ್ನ ಗಂಡ ಹಾಸಿಗೆ ಹಿಡಿದಿದ್ದಾನೆ ಬ್ಯಾಂಕಮ್ಮ," ಎಂದಳು ಒಬ್ಬಳು. "ಈ ಕೆಲಸಾನೂ ಹೋದ್ರೆ?"

"ಹೇಳೋಕೆ ಹೋದ್ರೆ ನಮಗೂ ತೆರಿಗೆ ಬಿಲ್ಲು ಕಳಿಸ್ತಾರೇನೋ," ಎಂದಳು ಇನ್ನೊಬ್ಬಳು.

"ಕಳಿಸ್ಲಿ! ನಿಮ್ಮ ಕೂಲಿಗೆ ಎಷ್ಟು ತೆರಿಗೆ ಬರುತ್ತೆ ಅಂತ ಕೇಳಿ. ಏನೂ ಬರಲ್ಲ. ನಮ್ಮ ಕೂಲಿ ಅಷ್ಟು ಕಡಿಮೆ. ಎಲ್ಲರ ಬಡತನಾನೂ ಒಂದೇ ಕಡೆ ಗುಡ್ಡೆ ಹಾಕಿ, ನೋಡಿ ಶ್ರೀಮಂತಳು ಅಂತಿದ್ದಾರೆ ನನ್ನನ್ನ." ಅವಳು ಮಗುಚಿದ ಬಕೆಟ್ಟನ್ನು ತೋರಿಸಿದಳು. "ಇಷ್ಟು ವರ್ಷ ಈ ಬಕೆಟ್ ಮೇಲೆ ಕೂತು ನಿಮ್ಮ ಕೈಗೆ ಕೊಟ್ಟಿದ್ದೀನಿ. ಆಗ ಎಲ್ಲರ ಕೈನೂ ಮುಂದೆ ಬರ್ತಿತ್ತು."

ಮಾತು ಖಾರವಾಯಿತು. ಆಡಿದ್ದಾಗಿತ್ತು. ಗಂಟೆ ಹೊಡೆಯಿತು, ಮಷೀನುಗಳು ಶುರುವಾದವು, ಎಲ್ಲರೂ ಅವಳ ಕಣ್ಣು ತಪ್ಪಿಸಿ ತೊಟ್ಟಿಗೆ ಹೋದರು.

ಮರುದಿನ ಅವಳು ಕಚೇರಿಗೆ ಒಬ್ಬಳೇ ಹೋದಳು. ಒಳಗೆ ಕಂಟ್ರಾಕ್ಟರು ಆಗಲೇ ಕೂತಿದ್ದ. ಮೇಜಿನಾಚೆ ಅಧಿಕಾರಿ, ಕನ್ನಡಕದ ಹೆಂಗಸು, ಮುಖದಲ್ಲಿ ಸಿಟ್ಟೂ ಇಲ್ಲ ಕರುಣೆಯೂ ಇಲ್ಲ. ಪಕ್ಕದಲ್ಲಿ ಅದೇ ಗುಮಾಸ್ತ, ಅದೇ ಬಾಟಲಿ. ಬೆರಳಿಡುವ ಯಂತ್ರವನ್ನು ಮೇಜಿನ ನಡುವೆ ಇಟ್ಟಿದ್ದರು.

"ಸಾಕ್ಷಿಗಳು ಬಂದಿದ್ದಾರಾ?" ಅಧಿಕಾರಿ ಕೇಳಿದರು.

ಅವಳು ಬಾಗಿಲ ಕಡೆ ನೋಡಿದಳು. "ಇಲ್ಲ ಮೇಡಂ."

"ಹಾಗಾದ್ರೆ ನೀವು ಮೊದಲು ಹೇಳಿದ್ದೇ ಉಳಿಯುತ್ತೆ. ನೀವೇ ಉಪಗುತ್ತಿಗೆದಾರರು ಅಂತ ಇವರು ಬೇರೆ ಪತ್ರ ಕೊಟ್ಟಿದ್ದಾರೆ. ತೆರಿಗೆ ನಿಮ್ಮ ಪರವಾಗಿ ತಾವೇ ಕಟ್ತಾರಂತೆ. ಎರಡಕ್ಕೂ ಒಂದೇ ಬೆರಳು. ನಿಮಗೆ ಒಪ್ಪಿಗೆ ಇದ್ರೆ ಇಡಿ."

ಕಂಟ್ರಾಕ್ಟರು ಕಣ್ಣಲ್ಲೇ ಇಡು ಎಂದ. ಅವಳು ಮನೆ ನೆನೆದಳು. ಗಂಡನ ಮುಖ ನೆನೆದಳು. ಒಂದು ಕ್ಷಣ ಅವಳ ಕೈ ನಿಜವಾಗಿಯೂ ಮುಂದೆ ಹೋಯಿತು. ಇದನ್ನು ಮುಚ್ಚಿಡುವುದೇಕೆ? ಬೆರಳು ಗಾಜಿನ ಮೇಲೆ ಕೂತಿತು.

ಕೆಂಪು ದೀಪ.

"ಒರೆಸ್ಕೊಂಡು ಇಡಿ," ಎಂದ ಗುಮಾಸ್ತ. ಒರೆಸಿಕೊಂಡು ಇಟ್ಟಳು. ಕೆಂಪು ದೀಪ. ಬೇರೆ ಬೆರಳು. ಕೆಂಪು. ಇನ್ನೊಂದು ಕೈ. ಕೆಂಪು. 'ಗುರುತು ಸಿಗುತ್ತಿಲ್ಲ' ಎಂದಿತು ಯಂತ್ರ, ನಯವಾದ ಹೆಣ್ಣು ದನಿಯಲ್ಲಿ.

ಅವಳು ಬೆರಳನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು. ಬ್ಯಾಂಕಿನಲ್ಲಿ ಹಸಿರು ದೀಪ ಹತ್ತಿಸಿದ ಬೆರಳು ಇದೇ. ಈಗ ಅದು ಸವೆದ ಸೋಪಿನ ಚೂರಿನ ಹಾಗೆ ನುಣ್ಣಗಿತ್ತು. ಅವಳ ಗೆರೆಯನ್ನೂ ತೊಟ್ಟಿ ತಿಂದಿತ್ತು. ಯಾವಾಗ ತಿಂದಿತೋ, ಅವಳಿಗೇ ಗೊತ್ತಾಗಿರಲಿಲ್ಲ. ಎದೆಯೊಳಗೆ ಏನೋ ಒಂದು ಸುಮ್ಮನಾಯಿತು. ಆಮೇಲೆ ಅಲ್ಲಿಂದಲೇ ಬೆಂಕಿ ಎದ್ದಿತು.

"ಮಷೀನು ಹಾಳಾಗ್ಲಿ ಮೇಡಂ," ಎಂದು ಕಂಟ್ರಾಕ್ಟರು ಎದ್ದ. "ಇಂಕ್ ಪ್ಯಾಡ್ ತಂದಿದ್ದೀನಿ." ಬಂದು ಅವಳ ಮಣಿಕಟ್ಟು ಹಿಡಿದ, ಮೂಟೆಯ ಗಂಟು ಹಿಡಿದ ಹಾಗೆ. ಹೆಬ್ಬೆರಳನ್ನು ಶಾಯಿಯ ಕಡೆ ಎಳೆದ.

"ಕೈ ಬಿಡಿ."

ಸಾರ್ ಎನ್ನದೆ ಅವನೊಂದಿಗೆ ಆಡಿದ ಮೊದಲ ಮಾತು ಅದು. ಅವನು ಬಿಡಲಿಲ್ಲ. ಅವಳು ಒದ್ದೆ ಚಾದರದ ಮೂಟೆ ಎಳೆಯುವ ತೋಳಿನವಳು. ಒಂದೇ ಸಲ ಜಗ್ಗಿದಳು. ಶಾಯಿಯ ಪ್ಯಾಡು ಹಾರಿ ಅವನ ಬಿಳಿ ಅಂಗಿಗೆ ಬಡಿಯಿತು.

"ಒತ್ತಲ್ಲ," ಎಂದಳು. "ಮೇಡಂ, ನಾನು ಯಾರು ಅಂತ ನಿಮ್ಮ ಮಷೀನಿಗೇ ಗೊತ್ತಾಗ್ತಿಲ್ಲ. ಯಾರ ಹತ್ರ ತೆರಿಗೆ ಕೇಳ್ತಿದ್ದೀರಿ? ಈ ಬೆರಳಿನ ಗೆರೆ ಇವರ ತೊಟ್ಟೀಲಿದೆ. ಬೇಕಾದ್ರೆ ಅಲ್ಲಿ ಹುಡುಕಿ. ದುಡ್ಡು ಬಂತು ಅಂದೆ, ನಿಜ. ಕೈಗೆ ಬಂತು, ಬಾಯಿಗೆ ಬರ್ಲಿಲ್ಲ. ಉಪ್ಪು ತಿಂದೋರು ನೀರು ಕುಡೀಬೇಕು ಅಂದ್ರು ಈ ಸಾಹೇಬ್ರು. ತಿಂದೋರು ಇಲ್ಲೇ ನಿಂತಿದ್ದಾರೆ. ನನಗ್ಯಾಕೆ ಕುಡಿಸ್ತೀರಿ? ನನ್ನ ಓರಗಿತ್ತಿ ಕೈ ಸುಟ್ಟಿದ್ದು ಇವರ ಪ್ರೆಸ್ಸಲ್ಲಿ. ಅದಕ್ಕೆ ನಾನು ಯಜಮಾನಿ ಆಗಲ್ಲ. ಬಿಲ್ಲು ನನ್ನ ಮೇಲೇ ಇರ್ಲಿ. ಸಾಯೋವರೆಗೂ ಇರ್ಲಿ. ಒತ್ತಲ್ಲ."

"ಬಿಲ್ಲು ನಿಮ್ಮ ಮೇಲೆ ಉಳಿಯುತ್ತೆ, ಗೊತ್ತಾಯ್ತಾ?" ಅಧಿಕಾರಿ ಕೇಳಿದರು.

"ಗೊತ್ತಾಯ್ತು."

ಆಗ ಹೊರಗೆ ಕಾವಲುಗಾರನ ಕೂಗು ಕೇಳಿಸಿತು: "ಏಯ್, ಗುಡಿಸೋರು ಹಿಂದಿನ ಬಾಗಿಲಿಂದ!"

"ಗುಡಿಸೋಕೆ ಬಂದಿಲ್ಲ ಕಣೋ, ಸರಿ ಅತ್ಲಾಗೆ," ಎಂದಿತು ಮುದುಕಿಯೊಬ್ಬಳ ದನಿ.

ಬ್ಲೀಚಜ್ಜಿ ಮುಂದೆ, ಉಳಿದವರು ಹಿಂದೆ. ರಬ್ಬರ್ ಬೂಟು, ನೀರು ಸೋರುವ ಏಪ್ರನ್ನು, ಕೆಲಸ ಅರ್ಧಕ್ಕೆ ಬಿಟ್ಟು ಬಂದ ಕೈ. ಗಂಡ ಹಾಸಿಗೆ ಹಿಡಿದಿದ್ದಾನೆ ಎಂದವಳೂ ಇದ್ದಳು. ಎಲ್ಲರ ನಡುವೆ ಜಡೆಯಿಲ್ಲದ ಬಿಚ್ಚುಗೂದಲಿನ ಓರಗಿತ್ತಿ. ಬ್ಯಾಂಕಮ್ಮ ಬೆಳಿಗ್ಗೆ ಜಡೆ ಹಾಕದೆ ಹೊರಟುಬಂದಿದ್ದಳು. ಓರಗಿತ್ತಿ ಹಾಗೇ ಶೆಡ್ಡಿಗೆ ಹೋಗಿದ್ದಳು. ಅಲ್ಲಿ ಏನೂ ಹೇಳಲಿಲ್ಲವಂತೆ. ಮಷೀನುಗಳ ನಡುವೆ ನಿಂತು ಸೆರಗು ಸರಿಸಿ ತೋಳು ತೋರಿಸಿದಳಂತೆ, ಅಷ್ಟೆ.

ಬ್ಲೀಚಿನ ವಾಸನೆ ಕೋಣೆ ತುಂಬಿತು. ಗುಮಾಸ್ತ ಮೂಗು ಮುಚ್ಚಿಕೊಂಡ.

"ಕೆಲಸ ಬಿಟ್ಟು ಬಂದ್ರಾ?" ಕಂಟ್ರಾಕ್ಟರು ಕಿರುಚಿದ. "ಇವತ್ತಿಂದ ನಿಮಗೆ ಗೇಟು ಬಂದ್!"

"ಬಂದ್ ಮಾಡಪ್ಪ," ಎಂದಳು ಬ್ಲೀಚಜ್ಜಿ. "ನಾಳೆ ಆಪರೇಷನ್ ಮೇಜಿಗೆ ನಿನ್ನ ಬನೀನು ಹಾಸ್ತಾರೆ." ಆಮೇಲೆ ಮೇಜಿಗೆ ಬಂದು ಎರಡೂ ಅಂಗೈ ಊರಿ ಅಧಿಕಾರಿಯ ಕಡೆ ಬಾಗಿದಳು. "ನನ್ನ ಕೂಲಿ ನನಗೆ ಬಂತಮ್ಮ. ಇವಳು ಕೊಟ್ಟಳು, ನಾನು ತಗೊಂಡೆ. ಬರ್ಕೋ."

"ನನಗೂ ಬಂತು." ಇನ್ನೆರಡು ಅಂಗೈ.

"ನನಗೂ."

ಒಬ್ಬರಾದ ಮೇಲೆ ಒಬ್ಬರು ಯಂತ್ರಕ್ಕೆ ಬೆರಳಿಟ್ಟರು. ಪ್ರತಿ ಸಲವೂ ಕೆಂಪು ದೀಪ, ಪ್ರತಿ ಸಲವೂ ಗುರುತು ಸಿಗುತ್ತಿಲ್ಲ ಎಂಬ ಆ ನಯವಾದ ದನಿ. ಅಧಿಕಾರಿ ಕನ್ನಡಕ ತೆಗೆದು, ಯಂತ್ರವನ್ನು ನೋಡಿ, ಕೈಗಳನ್ನು ನೋಡಿ, ಅದರ ತಂತಿಯನ್ನು ತಾವೇ ಕಿತ್ತರು.

"ಇಷ್ಟಕ್ಕೇ ನೋಟೀಸು ರದ್ದಾಗಲ್ಲ," ಎಂದರು. "ಒಬ್ಬೊಬ್ಬರ ಹೇಳಿಕೆ ಬೇಕು. ದಿನಗಟ್ಟಲೆ ಆಗುತ್ತೆ. ಬರ್ಬೇಕಾಗುತ್ತೆ, ಮತ್ತೆ ಮತ್ತೆ."

"ಗೇಟು ಬಂದ್ ಆಗಿದೆಯಲ್ಲ ಮೇಡಂ," ಎಂದಳು ಗಂಡ ಹಾಸಿಗೆ ಹಿಡಿದವಳು. "ಬರ್ತೀವಿ."

ಮೇಜಿನ ಮೇಲೆಲ್ಲ ಒದ್ದೆ ಕೈಗಳ ಅಚ್ಚು. ಬೆರಳಿದ್ದವು, ಅಂಗೈ ಇದ್ದವು, ಗೆರೆ ಇರಲಿಲ್ಲ. ಗುಮಾಸ್ತ ಅಭ್ಯಾಸದ ಮೇಲೆ ಬಾಟಲಿ ಎತ್ತಿಕೊಂಡು ಬಟ್ಟೆ ಮುಂದೆ ತಂದ.

"ಒರೆಸ್ಬೇಡಿ," ಎಂದಳು ಬ್ಯಾಂಕಮ್ಮ. "ಮೊದಲು ಬರ್ಕೊಳ್ಳಿ. ಒರೆಸೋದು ನಮಗೆ ಬರುತ್ತೆ."

ಗುಮಾಸ್ತ ಅಧಿಕಾರಿಯ ಮುಖ ನೋಡಿದ. ಅವರು ಹೊಸ ಹಾಳೆ ಎಳೆದುಕೊಂಡರು. ಓರಗಿತ್ತಿ ಹೆಂಗಸರ ನಡುವಿನಿಂದ ಮುಂದೆ ಬಂದು, ಎಡಗೈಯಿಂದ ತನ್ನ ಬೆಂದ ಬಲಗೈಯನ್ನು ಎತ್ತಿ ಮೇಜಿನ ಮೇಲಿಟ್ಟಳು.